ಹತ್ತು ದಿನ ತಡವಾದ ಸೂರ್ಯ

ಸೆಲೆಹಟ್ಟಿ, ತುಮ್ಮನಟ್ಟಿ ಅಂಚೆ
೫ ಸೆಪ್ಟೆಂಬರ್ ೨೦೨೫

ಗೂಡಲೂರಿನಲ್ಲಿ ಶಿಕ್ಷಕಿಯಾಗಿರುವ ನನ್ನ ತಮ್ಮನ ಮಗಳು ಮಲರ್‌ಕೊಡಿಗೆ ದೊಡ್ಡಪ್ಪ ಹಾಲನ್ ಹೃತ್ಪೂರ್ವಕವಾಗಿ ಮಾಡುವ ಆಶೀರ್ವಾದ.

ನಾವೆಲ್ಲರೂ ನಮ್ಮ ನಮ್ಮ ಕಾಲ ಮೇಲೆ ನಡೆದಾಡುವಷ್ಟು ಕ್ಷೇಮವಾಗಿದ್ದೇವೆ. ನಿನ್ನ ಅವ್ವೆ ಕೆಳಸಾಲಿನ ಮನೆಯಲ್ಲಿ ಹಸುವನ್ನು ಬಯ್ಯುತ್ತಾ ಆರೋಗ್ಯವಾಗಿದ್ದಾಳೆ. ಇನ್ನು ಮುಖ್ಯ ವಿಷಯ.

ಇದರೊಂದಿಗೆ ನಾಲ್ಕು ಹಾಳೆಯ ಅರ್ಜಿಯೊಂದನ್ನು ಅಡಕ ಮಾಡಿದ್ದೇನೆ. ಇದನ್ನು ತಮಿಳಿಗೆ ತಂದು, ಶುದ್ಧಪ್ರತಿ ಮಾಡಿ, ಜಿಲ್ಲಾಧಿಕಾರಿಗಳಿಗೆ ಕಳುಹಿಸುವ ಕೆಲಸ ನಿನ್ನದು. ನಮ್ಮ ಮನೆತನದಲ್ಲಿ ಕನ್ನಡ ಓದಬಲ್ಲವರು ಈಗ ನಾನು, ನೀನು ಇಬ್ಬರೇ. ನನ್ನ ಮಗ ಸುಧಾಕರನ್‌ಗೆ ಕಲಿಯುವ ತಾಳ್ಮೆ ಇರಲಿಲ್ಲ. ಸೊಸೆ ಕಲೈಸೆಲ್ವಿಗೆ ತಮಿಳು ಮಾತ್ರ. ಇಪ್ಪತ್ತನೇ ವಯಸ್ಸಿನಿಂದ ಊಟಿಯ ಕೋರ್ಟಿನ ಮೆಟ್ಟಿಲ ಬಳಿ ಕೂತು ಸಾವಿರಾರು ಅರ್ಜಿಗಳ ಪ್ರತಿ ಎತ್ತಿದವನು ನಾನು. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಹೇಳದೆ ಬಿಡಬೇಕು ಎಂಬುದನ್ನು ಆ ಕೆಲಸವೇ ಕಲಿಸಿತು. ಆದ್ದರಿಂದ ವಾಕ್ಯಗಳ ಕ್ರಮವನ್ನು ಬದಲಿಸಬೇಡ.

ಅರ್ಜಿಯ ಸಾರಾಂಶ ಹೀಗಿದೆ. ನಮ್ಮ ಊರಿನ ನೆತ್ತಿಯಲ್ಲಿ ನಿಲುಗಲ್ಲು ಇದೆ. ಅದಕ್ಕೆ ಕೂಗಳತೆಯಲ್ಲಿ, ಮೂಡಲ ದಿಣ್ಣೆಯ ಮೇಲೆ, ನಡುವೆ ಸೀಳಿರುವ ಕತ್ತರಿಕಲ್ಲು ಇದೆ. ನಿಲುಗಲ್ಲಿನ ಮೇಲೆ ನಿಂತವನಿಗೆ ಉದಯದ ಸೂರ್ಯ ಆ ಸೀಳಿನೊಳಗೆ ಕಂಡ ದಿನ ಹಗಲು ಇರುಳು ಸಮ. ವರ್ಷಕ್ಕೆ ಎರಡು ಸಲ, ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್ ಇಪ್ಪತ್ತೆರಡರ ಸುಮಾರಿಗೆ. ಸೆಪ್ಟೆಂಬರಿನ ದಿನ ಊರ ಹಿರಿಯನು, ಅಂದರೆ ಈಗ ನಾನು, ‘ಹೊತ್ತು ಸಮ ಆತು’ ಎಂದು ಕೂಗಬೇಕು. ಅಂದೇ ಮನೆಗೊಬ್ಬರಂತೆ ಗುದ್ದಲಿ ಹಿಡಿದು ಹೋಗಿ ಕೆಳಸಾಲಿನ ಮೇಲಿರುವ ತೋಡನ್ನು ತೆಗೆಯಬೇಕು. ಮೂಡಗಾಳಿಯ ಮಳೆ ಬಂದಾಗ ನೀರು ಮನೆಗಳ ಮೇಲೆ ಬೀಳದೆ ಆ ತೋಡಿನಲ್ಲಿ ಪಕ್ಕದ ಹಳ್ಳಕ್ಕೆ ಹೋಗುತ್ತದೆ. ಕೂಗುವ ಮುನ್ನ ಆ ಇಳಿಜಾರಿಗೆ ಗುದ್ದಲಿ ಹಾಕುವುದು ನಿಷಿದ್ಧ. ಮುಂಗಾರಿನಲ್ಲಿ ನೆನೆದ ಮಣ್ಣು ಅಲ್ಲಿಯವರೆಗೆ ಆರಿರುವುದಿಲ್ಲ. ಇದಿಷ್ಟೂ ನಿನಗೆ ತಿಳಿದದ್ದೇ.

ತಿಳಿಯದಿರುವುದು ಇದು. ಎರಡು ವರ್ಷಗಳಿಂದ ಸೂರ್ಯನು ಸದರಿ ಸೀಳಿಗೆ ಅಕ್ಟೋಬರ್ ಎರಡಕ್ಕೆ ಬರುತ್ತಿದ್ದಾನೆ. ಹತ್ತು ದಿನ ತಡ. ವಸಂತದಲ್ಲಾದರೋ ಹತ್ತು ದಿನ ಮೊದಲೇ ಬರುತ್ತಿದ್ದಾನೆ. ಅಂದರೆ ವರ್ಷದ ಬಿಸಿಲಿನ ಅರ್ಧ ಎರಡೂ ತುದಿಯಲ್ಲಿ ಬೆಳೆದು ಚಳಿಯ ಅರ್ಧವನ್ನು ತಿಂದಿದೆ. ಹವಾಮಾನ ಕೆಟ್ಟಿತು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಕೆಟ್ಟಿತು ಎಂದು ಅಳೆದು ಹೇಳಿದವನು ನಾನೊಬ್ಬನೇ. ಎರಡು ವರ್ಷವೂ ನಾನು ಅಕ್ಟೋಬರ್ ಎರಡಕ್ಕೇ ತೋಡು ತೆಗೆಸಿದೆ, ಮಳೆಯೂ ಅದರ ನಂತರವೇ ಬಂತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಇದನ್ನು ಸರ್ಕಾರ ದಾಖಲಿಸಿಕೊಳ್ಳಬೇಕು ಎಂಬುದೇ ಅರ್ಜಿಯ ಪ್ರಾರ್ಥನೆ.

ಇತಿ ನಿನ್ನ ದೊಡ್ಡಪ್ಪ,
ಹಾಲನ್


ಗೂಡಲೂರು
೧೧ ಸೆಪ್ಟೆಂಬರ್ ೨೦೨೫

ಪೂಜ್ಯ ದೊಡ್ಡಪ್ಪನವರಿಗೆ,

ನಿಮ್ಮ ಪತ್ರ, ಅರ್ಜಿ ಎರಡೂ ತಲುಪಿದವು. ಅರ್ಜಿ ಚೆನ್ನಾಗಿದೆ. ಚೆನ್ನಾಗಿರುವುದರಿಂದಲೇ ಅವಸರ ಬೇಡ ಎನಿಸುತ್ತದೆ. ಸ್ವಲ್ಪ ದಿನ ನನ್ನ ಬಳಿ ಇರಲಿ.

ಈ ಕಡೆ ಮುಂಗಾರು ಇನ್ನೂ ಬಿಟ್ಟಿಲ್ಲ. ಶಾಲೆಯ ಹೆಂಚಿನ ಮೇಲೆ ದಿನವೂ ಸದ್ದು. ಮಳೆಗಾಲ ಹೋಗುವುದನ್ನೂ ಬರುವುದನ್ನೂ ನಂಬುವಂತಿಲ್ಲ ಎಂದು ಮಕ್ಕಳೂ ಹೇಳುತ್ತಾರೆ. ಅದಕ್ಕೇ ಒಂದು ಮಾತು: ಈ ಸಲ ಸೀಳಿನಲ್ಲಿ ಸೂರ್ಯ ಕಾಣಲಿ ಬಿಡಲಿ, ಇಪ್ಪತ್ತೆರಡಕ್ಕೇ ತೋಡು ತೆಗೆಸಬಹುದೇ? ಕೆಳಸಾಲಿನ ಐದು ಮನೆಗಳಲ್ಲಿ ಅವ್ವೆಯ ಮನೆಯೇ ತೋಡಿಗೆ ಹತ್ತಿರ. ದಯವಿಟ್ಟು ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಬರೆಯಿರಿ.

ಇನ್ನೊಂದು. ಪತ್ರದ ಎರಡನೇ ಪುಟದಲ್ಲಿ ಮೂರು ಸಾಲುಗಳು ಒಂದರ ಮೇಲೊಂದು ಬಿದ್ದು ಕಲೆತುಹೋಗಿವೆ. ನಿಮ್ಮ ಕೈಯಲ್ಲಿ ಇಂಥದ್ದನ್ನು ನಾನು ನೋಡಿದವಳಲ್ಲ. ಎರಡು ವರ್ಷದ ಹಿಂದೆ ನೀವು ನಿಲುಗಲ್ಲಿನ ದಾರಿಯಲ್ಲಿ ಬಿದ್ದ ಮೇಲೆ ಕಣ್ಣು ತೋರಿಸಿಕೊಳ್ಳಿ ಎಂದಿದ್ದೆ. ತೋರಿಸಿದಿರಾ?

ನಿಮ್ಮ,
ಮಲರ್‌ಕೊಡಿ


ಸೆಲೆಹಟ್ಟಿ
೧೬ ಸೆಪ್ಟೆಂಬರ್ ೨೦೨೫

ಚಿರಂಜೀವಿ ಮಲರ್‌ಕೊಡಿಗೆ ಆಶೀರ್ವಾದಪೂರ್ವಕ ತಿಳಿಸುವುದೇನೆಂದರೆ,

ನಿನ್ನ ಪತ್ರ ಕೈ ಸೇರಿತು. ಸಂಗತಿ ಮನವರಿಕೆಯಾಯಿತು. ಅರ್ಜಿಯನ್ನು ಇಷ್ಟು ಬೇಗ ತಮಿಳಿಗೆ ತಂದಿರುವುದು ನಿನ್ನ ಶ್ರದ್ಧೆಗೆ ತಕ್ಕದ್ದೇ. ಕಳುಹಿಸಿದ ರಸೀದಿಯನ್ನು ಜೋಪಾನವಾಗಿಡು.

ಇಲ್ಲಿ ಮಂಜು ತೆಳುವಾಗಿದೆ. ಗಾಳಿ ಪಡುವಣದಿಂದಲೂ ಬರುತ್ತಿಲ್ಲ, ಮೂಡಣದಿಂದಲೂ ಬರುತ್ತಿಲ್ಲ. ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುವ ನೆಂಟನ ಹಾಗೆ ಇದೆ. ಇದು ಋತುಸಂಧಿಯ ಲಕ್ಷಣ.

ನಿನ್ನೆ ಊರಕಟ್ಟೆಯಲ್ಲಿ ಮಾತು ಬಂತು. ಕೆಳಸಾಲಿನ ಜೋಗಿ ಈ ಸಲ ಇಪ್ಪತ್ತೆರಡಕ್ಕೇ ತೋಡು ತೆಗೆಯೋಣ ಎಂದು ಕೆಲವರನ್ನು ಕಟ್ಟಿಕೊಂಡಿದ್ದಾನೆ. ಎಲ್ಲರ ಮುಂದೆ ನನಗೆ ಹೇಳುತ್ತಾನೆ: “ದೊಡ್ಡಣ್ಣ, ಕ್ಯಾಲೆಂಡರಿಗೆ ಗೊತ್ತು, ರೇಡಿಯೋಗೆ ಗೊತ್ತು, ಎನ್ನ ಮೊಮ್ಮಗಳ ಪುಸ್ತಕಕ್ಕೂ ಗೊತ್ತು. ನಿನ್ನ ಕಲ್ಲಿಗೆ ಒಂದಕ್ಕೇ ಗೊತ್ತಿಲ್ಲೆ.”

ನಾನು ಉತ್ತರ ಕೊಡುವ ಮೊದಲೇ ನಿನ್ನ ಅವ್ವೆ ಎದ್ದಳು. “ತೋಡು ಒಡೆದರೆ ಮೊದಲು ಹೋಪ ಮನೆ ಎನ್ನದು. ಎನಗೆ ಇಲ್ಲದ ಅವಸರ ನಿನಗೆ ಏಕೆ, ಜೋಗಿ? ಬಾವ ಹೇಳದೆ ಗುದ್ದಲಿ ಎತ್ತೋದು ಬೇಡ.” ಅಲ್ಲಿಗೆ ಮಾತು ಮುಗಿಯಿತು. ನನ್ನ ತಮ್ಮನ ಹೆಂಡತಿಯ ಆ ಒಂದು ಮಾತು ನನಗೆ ಹತ್ತು ತೀರ್ಪುಗಳಿಗೆ ಸಮ.

ಇತಿ,
ಹಾಲನ್


ಗೂಡಲೂರು
೧೯ ಸೆಪ್ಟೆಂಬರ್ ೨೦೨೫

ದೊಡ್ಡಪ್ಪ,

ನಾನು ಕೇಳಿದ ಎರಡು ಪ್ರಶ್ನೆಗಳಲ್ಲಿ ಒಂದಕ್ಕೂ ನೀವು ಉತ್ತರ ಬರೆದಿಲ್ಲ. ಅರ್ಜಿ ಕಳುಹಿಸಿದೆ ಎಂದು ನಾನು ಬರೆದೇ ಇರಲಿಲ್ಲ. ನನ್ನ ಮಾತು ನಿಮಗೆ ಹಿಡಿಸದೆ, ಕೇಳಿಸದವರಂತೆ ಇದ್ದೀರಿ ಎಂದುಕೊಂಡೆ. ಹಾಗಾದರೆ ಈಗ ಕೇಳಿಸದಂತೆ ಇರಲಾಗದ ಮಾತನ್ನೇ ಬರೆಯಬೇಕು.

ಸೂರ್ಯ ತಡವಾಗಿಲ್ಲ. ನಿಲುಗಲ್ಲು ಇದ್ದ ಜಾಗದಲ್ಲಿ ಇಲ್ಲ.

೨೦೨೩ರ ಮೇ ತಿಂಗಳಲ್ಲಿ ನೀವು ಬಿದ್ದು ಮಂಡಿ ಊದಿಸಿಕೊಂಡು ಮಲಗಿದ್ದಿರಿ. ನಾನು ರಜೆಗೆ ಬಂದಿದ್ದೆ. ಇನ್ನು ಮುಂದೆ ಆ ಕಡಿದಾದ ಜಾಗಕ್ಕೆ ನಿಮ್ಮನ್ನು ಹತ್ತಿಸುವುದು ಹೇಗೆ ಎಂದು ಸುಧಾಕರನ್ ಅಣ್ಣ ಕೇಳಿದ. ಕಲ್ಲನ್ನೇ ಸಮತಟ್ಟಿಗೆ ತಂದರಾಯಿತು ಎಂದು ಹೇಳಿದವಳು ನಾನು. ಹಾರೆ ಹಾಕಿ ಹದಿನೈದು ಹೆಜ್ಜೆ ಉತ್ತರಕ್ಕೆ ಉರುಳಿಸಿದೆವು. ಮೆಟ್ಟಿಲು, ಹಿಡಿದು ಹತ್ತುವ ಕಂಬಿ ಎಲ್ಲ ಆಮೇಲೆ ಆದದ್ದು. ದಾರಿ ನೇರ ಮಾಡಿದ್ದೇವೆ ಎಂದಷ್ಟೇ ನಿಮಗೆ ಹೇಳಿದೆವು. ನಿಮ್ಮನ್ನು ಬಿಟ್ಟು ಬೇರೆ ಯಾರೂ ಅಲ್ಲಿಗೆ ಹತ್ತದ್ದರಿಂದ ಊರಿಗೂ ತಿಳಿಯಲಿಲ್ಲ. ಅದು ನಿಲ್ಲುವುದಕ್ಕೊಂದು ಕಲ್ಲು ಎಂದುಕೊಂಡಿದ್ದೆ. ನಿಲ್ಲುವ ಜಾಗವೇ ಲೆಕ್ಕ ಎಂಬುದು ಹೊಳೆಯಲಿಲ್ಲ. ಭೂಗೋಳ ಕಲಿಸುವ ನನಗೆ.

ನಿಮ್ಮ ಅರ್ಜಿ ಓದಿದ ದಿನ ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ನೋಡಿದೆ. ನಿಂತವನು ಉತ್ತರಕ್ಕೆ ಸರಿದರೆ ಸೀಳು ದಕ್ಷಿಣಕ್ಕೆ ಸರಿದಂತೆ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ಸೂರ್ಯ ದಿನವೂ ದಕ್ಷಿಣಕ್ಕೆ ಹೋಗುತ್ತಾನೆ, ಅಲ್ಲಿಗೆ ಮುಟ್ಟಲು ಹತ್ತು ದಿನ ಹೆಚ್ಚು ಬೇಕು. ಮಾರ್ಚ್‌ನಲ್ಲಿ ದಕ್ಷಿಣದಿಂದ ಬರುತ್ತಾನೆ, ಹತ್ತು ದಿನ ಮೊದಲೇ ಸಿಗುತ್ತಾನೆ. ನೀವು ಅಳೆದದ್ದೆಲ್ಲ ಸರಿ. ಅಳತೆಯ ಕೋಲನ್ನು ನಾವು ಬದಲಿಸಿದ್ದೆವು.

ಅರ್ಜಿಯನ್ನು ನಾನು ಕಳುಹಿಸಿಲ್ಲ, ಕಳುಹಿಸುವುದೂ ಇಲ್ಲ.

ನಿನ್ನೆ ಅಣ್ಣನಿಗೆ ಫೋನ್ ಮಾಡಿದೆ. ಹತ್ತು ದಿನ ತಾನೇ, ಎರಡು ವರ್ಷ ಏನೂ ಆಗಲಿಲ್ಲ, ಈಗ ಹೇಳಿದರೆ ಅಪ್ಪ ಊರಲ್ಲಿ ತಲೆ ಎತ್ತುವ ಹಾಗಿಲ್ಲ ಎಂದ. ಫೋನನ್ನು ನಿಮ್ಮ ಕೈಗೇ ಕೊಡಿ ಎಂದು ಅತ್ತಿಗೆಯನ್ನು ಕೇಳಿದರೆ, ಫೋನಿನಲ್ಲಿ ಮಾತು ನಿಲ್ಲದು, ಕಾಗದ ಬರೆಯಲಿ ಎಂದಿರಂತೆ. ಬರೆದಿದ್ದೇನೆ. ಇಪ್ಪತ್ತೆರಡಕ್ಕೆ ಕೂಗಿಬಿಡಿ. ಕಾರಣ ಯಾರಿಗೂ ಹೇಳಬೇಕಾಗಿಲ್ಲ.

ಮಲರ್‌ಕೊಡಿ


ಸೆಲೆಹಟ್ಟಿ
೨೪ ಸೆಪ್ಟೆಂಬರ್ ೨೦೨೫

ಚಿರಂಜೀವಿ ಮಲರ್‌ಕೊಡಿಗೆ ಸಂತೋಷದಿಂದ ಬರೆಯುವುದು.

ನಿನ್ನ ದೀರ್ಘ ಪತ್ರ ಮೊನ್ನೆ ಮಧ್ಯಾಹ್ನ ತಲುಪಿತು. ಇಷ್ಟು ದೀರ್ಘವಾಗಿ ನೀನು ಬರೆದು ಬಹಳ ಕಾಲವಾಗಿತ್ತು. ಸಕಾಲದಲ್ಲಿ ಬಂತು ಎಂದೇ ಹೇಳಬೇಕು, ಏಕೆಂದರೆ ಅಂದು ಇಪ್ಪತ್ತೆರಡು. ಜೋಗಿಯ ಕಡೆಯವರು ಬೆಳಿಗ್ಗೆಯೇ ಗುದ್ದಲಿ ತಂದು ಕಟ್ಟೆಯ ಮೇಲೆ ಇಟ್ಟಿದ್ದರು. ನಾನು ನಿಲುಗಲ್ಲಿಗೆ ಹೋಗಿ ಬಂದೆ. ಸೂರ್ಯ ಸೀಳಿನ ಎಡಕ್ಕೆ ಬಹು ದೂರದಲ್ಲಿದ್ದ. ಹಾಗೆಂದೇ ತಿಳಿಸಿದೆ. ಗೊಣಗಾಟ ಎದ್ದಿತು. ಸಂಜೆ ಮತ್ತೆ ಸೇರಿದಾಗ ನಿನ್ನ ಪತ್ರವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ಗೂಡಲೂರಿನಲ್ಲಿ ಭೂಗೋಳ ಕಲಿಸುವ ನನ್ನ ಮಗಳು ಲೆಕ್ಕ ಹಾಕಿ ನಾಲ್ಕು ಪುಟ ಬರೆದಿದ್ದಾಳೆ, ಇನ್ನು ನಿಮಗೆ ಯಾರ ಮಾತು ಬೇಕು ಎಂದು ಕೇಳಿದೆ. ನಿನ್ನ ಅವ್ವೆ ಆ ಪತ್ರವನ್ನು ಕೈಯಲ್ಲಿ ಇಸಿದುಕೊಂಡು ಒಮ್ಮೆ ಸವರಿ ಹಿಂದಕ್ಕೆ ಕೊಟ್ಟಳು.

ಗುದ್ದಲಿಗಳು ಮನೆಗೆ ಹೋದವು. ಅಕ್ಟೋಬರ್ ಎರಡರಂದು ತೆಗೆಯುವುದೆಂದು ತೀರ್ಮಾನ. ಅಂದಿನಿಂದ ಇಲ್ಲಿ ಒಳ್ಳೆಯ ಬಿಸಿಲು. ಮಣ್ಣು ಕೈಯಲ್ಲಿ ಹುಡಿಯಾಗುತ್ತದೆ. ಟೀ ಎಲೆ ಕೊಯ್ಯುವವರು ಬೆವರುತ್ತಾರೆ. ಬಿಸಿಲಿನ ಅರ್ಧ ಬೆಳೆದಿದೆ ಎಂದು ನಾನು ಬರೆದದ್ದು ಇದನ್ನೇ.

ಇತಿ ಹೆಮ್ಮೆಯ,
ಹಾಲನ್


ಗೂಡಲೂರು
೨೮ ಸೆಪ್ಟೆಂಬರ್ ೨೦೨೫, ಬೆಳಿಗ್ಗೆ

ಈ ಪತ್ರವನ್ನು ಓದುತ್ತಿರುವವರಿಗೆ,

ನೀವು ಯಾರೆಂದು ನನಗೆ ಗೊತ್ತಿಲ್ಲ. ಆದರೆ ನೀವು ನನ್ನ ದೊಡ್ಡಪ್ಪ ಅಲ್ಲ ಎಂಬುದು ಗೊತ್ತು. ಅವರಿಗೆ ಓದಲು ಕಣ್ಣಿಲ್ಲ. ನಿನ್ನೆ ಅವರ ಪತ್ರ ಬಂದಾಗ ಅದು ತಿಳಿಯಿತು. ತಮ್ಮ ಮಾತು ತಪ್ಪೆಂದು ಬರೆದ ಕಾಗದವನ್ನೇ ಅವರು ತಮ್ಮ ಮಾತಿಗೆ ಸಾಕ್ಷಿಯಾಗಿ ಊರಿಗೆ ಎತ್ತಿ ತೋರಿಸಿದ್ದಾರೆ.

ಇದನ್ನು ಅಂಚೆಗೆ ಹಾಕದೆ ಊಟಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಸಂಜೆ ಕಲೈಸೆಲ್ವಿ ಅತ್ತಿಗೆ ಬಸ್ಸಿಗೆ ಬಂದು ಇಸಿದುಕೊಳ್ಳುತ್ತಾರೆ. ಹಿಂದಿನ ಎರಡು ಪತ್ರಗಳ ಜೊತೆ ಇದನ್ನೂ ಕನ್ನಡ ಬಲ್ಲ ಯಾರ ಬಳಿಗಾದರೂ ಒಯ್ಯಿರಿ ಎಂದು ಅವರಿಗೆ ಫೋನಿನಲ್ಲಿ ಹೇಳಿದ್ದೇನೆ. ದಯವಿಟ್ಟು ಮೂರನ್ನೂ ದೊಡ್ಡಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿ. ಬೇರೆ ಯಾರೂ ಹತ್ತಿರ ಇಲ್ಲದಾಗ ಓದಿ.

ಅವ್ವೆಗೂ ಫೋನ್ ಮಾಡಿದೆ. ಕಲ್ಲಿನ ವಿಷಯ ಹೇಳಲು ಬಾಯಿ ಬರಲಿಲ್ಲ. ಮಳೆ ಬರುವ ಹಾಗಿದೆ, ಸುಮ್ಮನೆ ಮೇಲ್ಸಾಲಿಗೆ ಹೋಗಿ ಇರು ಎಂದೆ. “ನೀನೇ ಸರಿ ಅಂತ ಬರೆದು ಕೊಟ್ಟೆ, ಈಗ ನೀನೇ ಓಡು ಅಂತೀಯ” ಎಂದು ನಕ್ಕಳು.

ದೊಡ್ಡಪ್ಪ, ನಿಮಗೊಂದು ಮಾತು. ನಾನು ಬರಬಹುದಿತ್ತು. ಬಸ್ಸಿನಲ್ಲಿ ಮೂರು ಗಂಟೆಯ ದಾರಿ, ಅಷ್ಟೇ. ಮೊದಲು ಪರೀಕ್ಷೆಯ ನೆಪ ಇತ್ತು. ಅದು ಮುಗಿದು ಎರಡು ದಿನವಾಯಿತು. ನಿಮ್ಮ ಮುಖ ನೋಡುತ್ತಾ ಹೇಳುವುದು ನನ್ನಿಂದಾಗಲಿಲ್ಲ. ಕಾಗದವಾದರೆ ನೀವು ಒಬ್ಬರೇ ಓದಿಕೊಳ್ಳುತ್ತೀರಿ ಎಂದುಕೊಂಡೆ.

ಇಲ್ಲಿ ಗಾಳಿ ತಿರುಗಿದೆ.

ಮಲರ್‌ಕೊಡಿ


ಸೆಲೆಹಟ್ಟಿ
೮ ಅಕ್ಟೋಬರ್ ೨೦೨೫

ಮಲರ್‌ಕೊಡಿಗೆ,

ಅಕ್ಷರ ಬೇರೆಯಾಗಿರುವುದನ್ನು ಗಮನಿಸಿರುತ್ತೀ. ಬರೆಯುತ್ತಿರುವವರು ತುಮ್ಮನಟ್ಟಿಯ ಶಿವಣ್ಣನವರು. ವೆಲ್ಲಿಂಗ್ಟನ್ ದಂಡಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ವೀರಶೈವರು, ಕನ್ನಡ ಬಲ್ಲವರು. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುವುದಾಗಿ ಒಪ್ಪಿದ್ದಾರೆ. ಜೀವಮಾನವಿಡೀ ಇನ್ನೊಬ್ಬರ ಮಾತನ್ನು ಬರೆದವನು ನಾನು. ನನ್ನ ಮಾತನ್ನು ಇನ್ನೊಬ್ಬರು ಬರೆಯುವುದು ಇದೇ ಮೊದಲು.

ಇಪ್ಪತ್ತೆಂಟರ ಸಂಜೆಯೇ ಮಳೆ ಹಿಡಿಯಿತು. ಇಪ್ಪತ್ತೊಂಬತ್ತರ ಬೆಳಿಗ್ಗೆ ಕಲೈಸೆಲ್ವಿ ಶಿವಣ್ಣನವರನ್ನು ಕೊಡೆ ಹಿಡಿದು ಕರೆತಂದಳು. ಅವರು ಮೂರು ಪತ್ರಗಳನ್ನೂ ಓದಿದರು. ಎರಡನೆಯದರ ನಡುವೆ ನಿಲ್ಲಿಸಿ, ಮುಂದೆ ಓದಲೇ ಎಂದು ಕೇಳಿದರು. ಓದಿ ಎಂದೆ.

ಎರಡು ವರ್ಷಗಳಿಂದ ನನಗೆ ಬೆಳಕು ಕಾಣುತ್ತದೆ, ದೊಡ್ಡ ನೆರಳು ಕಾಣುತ್ತದೆ. ಅಕ್ಷರ ಕಾಣುವುದಿಲ್ಲ, ಮುಖ ಕಾಣುವುದಿಲ್ಲ. ಹಾಳೆಯ ಮೇಲೆ ದಾರ ಬಿಗಿದುಕೊಂಡು ಬರೆಯುತ್ತಿದ್ದೆ. ನಿನ್ನ ಪತ್ರದ ತೂಕ ನೋಡಿ, ಹಿಂದೆ ನಾನು ಬರೆದದ್ದನ್ನು ನೆನೆದು, ಉತ್ತರ ಕಟ್ಟುತ್ತಿದ್ದೆ. ಸೂರ್ಯನನ್ನು ನೋಡಲು ಇಷ್ಟು ಕಣ್ಣು ಸಾಕಾಗಿತ್ತು. ಕಲ್ಲಾದರೋ, ಪಾದಕ್ಕೆ ಅದೇ ಕಲ್ಲು.

ಅಂದೇ ಕಟ್ಟೆಗೆ ಎಲ್ಲರನ್ನೂ ಕರೆಸಿದೆ. ಶಿವಣ್ಣನವರು ಪಕ್ಕದಲ್ಲಿದ್ದರು. ಅರ್ಜಿಯ ಭಾಷೆಯಲ್ಲಿ ಆರಂಭಿಸಲು ನೋಡಿದೆ, ಬರಲಿಲ್ಲ. “ಎನಗೆ ಕಣ್ಣು ಕಾಣೋದಿಲ್ಲೆ. ಕಲ್ಲು ಅದರ ಜಾಗದಲ್ಲಿ ಇಲ್ಲೆ. ಹೊತ್ತು ಸಮ ಆಗಿ ಏಳು ದಿನ ಆತು” ಎಂದಷ್ಟೇ ಹೇಳಿದೆ. ಯಾರು ಸರಿಸಿದರು ಎಂದು ಕೇಳಿದರು. ಸುಧಾಕರನ್ ಎದ್ದು “ನಾನು” ಎಂದ. ನಿನ್ನ ಹೆಸರನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ನಾನು ಎತ್ತಿ ಹಿಡಿದ ಪತ್ರದಲ್ಲಿ ಏನು ಬರೆದಿತ್ತು ಎಂದು ನಿನ್ನ ಅವ್ವೆ ಕೇಳಿದಳು. ಶಿವಣ್ಣನವರು ನನ್ನ ಕಡೆ ತಿರುಗಿದರು. ಕಲ್ಲು ಸರಿದಿದೆ, ಇಪ್ಪತ್ತೆರಡಕ್ಕೇ ಕೂಗಿ ಎಂದು ಬರೆದಿತ್ತು ಎಂದು ನಾನೇ ಹೇಳಿದೆ.

ಜೋಗಿ ಬಯ್ಯುತ್ತಾನೆ ಎಂದುಕೊಂಡಿದ್ದೆ. “ದೊಡ್ಡಣ್ಣ, ಸೂರ್ಯನ ಮೇಲೇ ಅರ್ಜಿ ಹಾಕಾಕೆ ಹೋದೆಯಲ್ಲ” ಎಂದ, ಅಷ್ಟೇ. ನಂತರ ಅವನೇ ಮುಂದೆ ನಿಂತು ಕೆಳಸಾಲನ್ನು ಖಾಲಿ ಮಾಡಿಸಿದ. ತೋಡು ತೆಗೆಯುವ ಮಾತೇ ಇರಲಿಲ್ಲ. ನೆನೆದ ಇಳಿಜಾರಿಗೆ ಗುದ್ದಲಿ ಹಾಕಿದರೆ ಹಾಕಿದವನೇ ಹೋಗುತ್ತಾನೆ. ಏಳು ದಿನ ಬಿಸಿಲಿತ್ತು. ಅರ್ಧ ದಿನದ ಕೆಲಸ.

ಅಕ್ಟೋಬರ್ ಎರಡರ ಬೆಳಿಗ್ಗೆ, ಹಾಲು ಕರೆಯುವ ಹೊತ್ತಿಗೆ, ಇಳಿಜಾರು ಕುಸಿದು ಬಂತು. ಮೂರು ಮನೆ ಹೋದವು. ಮೊದಲನೆಯದು ನಿನ್ನ ಅವ್ವೆಯದು. ಜೀವಕ್ಕೆ ಯಾರಿಗೂ ಅಪಾಯವಿಲ್ಲ, ಹಸುವೂ ಮೇಲೆಯೇ ಇತ್ತು. ಆ ಸದ್ದನ್ನು ನಾನು ವಿವರಿಸುವುದಿಲ್ಲ.

ಕಾಲ ಕೆಟ್ಟಿದೆ ಎಂದು ಜನ ಈಗಲೂ ಹೇಳುತ್ತಾರೆ. ಇಷ್ಟು ಬೇಗ ಇಷ್ಟು ಮಳೆ ಕಂಡವರು ಊರಲ್ಲಿ ಯಾರೂ ಇಲ್ಲ. ಇರಬಹುದು. ಅದನ್ನು ಹೇಳುವ ಹಕ್ಕು ನನಗೆ ಉಳಿದಿಲ್ಲ. ಅರ್ಜಿಯನ್ನು ಹರಿದು ಹಾಕು. ಕಲ್ಲು ಸರಿಸಿದ್ದಕ್ಕೆ ನಿಮ್ಮಿಬ್ಬರ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸರಿಸಿದ್ದು ನನ್ನ ಮಂಡಿಯನ್ನು ನೋಡಿ; ನಾನು ಮುಚ್ಚಿಟ್ಟದ್ದು ನನ್ನನ್ನೇ ನೋಡಿಕೊಂಡು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ.

ನಿನ್ನ ಅವ್ವೆ ಈಗ ನಮ್ಮ ಮನೆಯಲ್ಲಿದ್ದಾಳೆ. ಬಂದ ದಿನ ಒಂದೇ ಮಾತು ಆಡಿದಳು, ನನಗಲ್ಲ, ಕಲೈಸೆಲ್ವಿಗೆ: “ದೊಡ್ಡಪ್ಪ ಮಗಳು ಇಬ್ಬರೂ ಒಬ್ಬರ ಮರ್ಯಾದೆ ಒಬ್ಬರು ಕಾಯ್ದರು. ಎನ್ನ ಮನೆ ಕಾಯೋಕೆ ಯಾರೂ ಇಲ್ಲೆ.” ಆಮೇಲೆ ಇಲ್ಲ. ನನಗೆ ಊಟ ಬಡಿಸುತ್ತಾಳೆ. ತಟ್ಟೆ ನೆಲಕ್ಕೆ ತಾಗಿದ ಸದ್ದಾಗುತ್ತದೆ, ಸೀರೆಯ ಸದ್ದಾಗುತ್ತದೆ, ಎದುರಿಗೆ ಕೂರುತ್ತಾಳೆ, ನಾನು ಉಣ್ಣುವವರೆಗೂ ಏಳುವುದಿಲ್ಲ. ಅವಳು ಅಳುತ್ತಿದ್ದಾಳೋ, ನನ್ನನ್ನು ಸುಡುವ ಹಾಗೆ ನೋಡುತ್ತಿದ್ದಾಳೋ, ಇಲ್ಲ ಬಾಗಿಲಾಚೆಗೆ ಆ ಇಳಿಜಾರನ್ನು ನೋಡುತ್ತಿದ್ದಾಳೋ, ನನಗೆ ತಿಳಿಯದು. ಮನೆಯಲ್ಲಿ ಯಾರನ್ನು ಕೇಳಿದರೂ ಸುಮ್ಮನೆ ಕೂತಿದ್ದಾರೆ ಎನ್ನುತ್ತಾರೆ.

ನೀನು ಬಾ. ಅವಳ ಎದುರಿಗೆ ಕೂತು, ಮುಖ ನೋಡಿ, ಅಲ್ಲಿ ಏನಿದೆಯೋ ಅದನ್ನು ನನಗೆ ಹೇಳು. ಏನನ್ನೂ ಬಿಡದೆ ಹೇಳು.

ಹಾಲನ್
(ಬರೆದವರು ಶಿವಣ್ಣ)